ನಡುರಾತ್ರಿಯ ಸೆಖೆಯಲ್ಲಿ 68 ಮಂದಿ

ಗುರುವಾರ, 26 ಸೆಪ್ಟೆಂಬರ್ 2019

ಕುಂದಾಪುರದವಳಿಗೆ ಸೆಖೆ ಹೊಸತಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬೆವರುವ ಊರು ನಮ್ಮದು. ಹಾಗಾಗಿ ಕತಾರ್‌ನ ದೋಹಾದಲ್ಲಿರುವ ನನ್ನ ತಮ್ಮ ಫೋನಿನಲ್ಲಿ "ಈಗ ಬರಬೇಡ ಅಕ್ಕ, ಡಿಸೆಂಬರ್‌ನಲ್ಲಿ ಬಾ, ಹಾಯಾಗಿ ತಿರುಗಾಡಬಹುದು" ಎಂದಾಗ ನಕ್ಕುಬಿಟ್ಟಿದ್ದೆ. ನನಗೆ ತಿರುಗಾಟ ಬೇಕಿರಲಿಲ್ಲ. ಬೇಕಿದ್ದದ್ದು ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್, ಅದರಲ್ಲೂ ಮೊದಲ ದಿನದ ಮಹಿಳೆಯರ ಮ್ಯಾರಥಾನ್. ಇಪ್ಪತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ವಿಸಿಲ್ ಊದುತ್ತ, ಸುಣ್ಣದ ಗೆರೆ ಹಾಕಿಸುತ್ತ ಕಳೆದವಳು ನಾನು. ನಿಜವಾದ ದೊಡ್ಡ ಓಟವೊಂದನ್ನು ರಸ್ತೆಬದಿಯಲ್ಲಿ ನಿಂತು ಒಮ್ಮೆಯೂ ನೋಡಿರಲಿಲ್ಲ.

ಮಂಗಳೂರಿನಿಂದ ವಿಮಾನ ಹತ್ತಿದ್ದು, ಇಳಿದದ್ದು, ಮುದ್ರೆ ಹಾಕಿಸಿಕೊಂಡದ್ದು ಎಲ್ಲ ಸುಸೂತ್ರ. ಎಡವಟ್ಟಾದದ್ದು ಕೊನೆಯ ಬಾಗಿಲಿನಲ್ಲಿ. ಗಾಜಿನ ಬಾಗಿಲು ತೆರೆದು ಹೊರಗೆ ಕಾಲಿಟ್ಟದ್ದೇ ತಡ, ಕನ್ನಡಕ ಪೂರ್ತಿ ಮಂಜಾಯಿತು. ಎದುರಿಗೆ ಬಿಳಿ ಗೋಡೆ ಬಿಟ್ಟರೆ ಏನೂ ಇಲ್ಲ. ಯಾರೋ ಕೈಬೀಸಿದಂತಾಯಿತು, ತಮ್ಮನೇ ಇರಬೇಕೆಂದು ಹೋಗಿ ಅಪರಿಚಿತ ಗಂಡಸೊಬ್ಬರ ತೋಳು ಹಿಡಿದುಕೊಂಡೆ. ಅವರು ಗಾಬರಿಯಾಗಿ ತಮಿಳಿನಲ್ಲಿ ಏನೋ ಅಂದರು. ತಮ್ಮ ಹಿಂದಿನಿಂದ ಬಂದು "ಒರೆಸಬೇಡ ಅಕ್ಕ, ಒರೆಸಿದಷ್ಟೂ ಮಂಜಾಗುತ್ತದೆ. ಒಂದು ನಿಮಿಷ ಹಾಗೇ ನಿಂತಿರು" ಎಂದ. ಒಳಗೆ ಎಸಿ, ಹೊರಗೆ ಹಬೆ. ಕನ್ನಡಕದವರು ಇಲ್ಲಿ ಪ್ರತಿ ಬಾಗಿಲಿನಲ್ಲೂ ಒಂದು ನಿಮಿಷ ಕುರುಡರಾಗಲು ಸಿದ್ಧರಿರಬೇಕು. ಮೊಬೈಲಿನ ಕ್ಯಾಮೆರಾಕ್ಕೂ ಇದೇ ಗತಿ.

ತಮ್ಮ ಕಟ್ಟಡ ಕಾಮಗಾರಿಯ ಕಂಪನಿಯೊಂದರಲ್ಲಿ ಸೇಫ್ಟಿ ಆಫೀಸರ್. ಅವನ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಗಣಪತಿಯ ಪಕ್ಕದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಯಂತ್ರ ಇತ್ತು. ತಾಪಮಾನ, ತೇವಾಂಶ ಎರಡನ್ನೂ ತೋರಿಸುವಂಥದ್ದು. ಓಲ್ಡ್ ಏರ್‌ಪೋರ್ಟ್ ಪ್ರದೇಶದಲ್ಲಿರುವ ಅವನ ಮನೆಗೆ ಹೋಗುವ ದಾರಿಯಲ್ಲಿ ಎಲ್ಲಿ ನೋಡಿದರೂ ಅಗೆತ, ಕ್ರೇನು. 2022ರ ಫುಟ್‌ಬಾಲ್ ವಿಶ್ವಕಪ್ಪಿನ ತಯಾರಿ. ಮಧ್ಯಾಹ್ನ ಒಂದು ಗಂಟೆ ಇರಬಹುದು. ನೀಲಿ ಮೇಲಂಗಿ ತೊಟ್ಟು, ಮುಖಕ್ಕೆಲ್ಲ ಬಟ್ಟೆ ಸುತ್ತಿ ಕಣ್ಣಷ್ಟೇ ಕಾಣುವಂತೆ ಮಾಡಿಕೊಂಡ ಹತ್ತಿಪ್ಪತ್ತು ಮಂದಿ ರಸ್ತೆಯ ಪಕ್ಕ ಕಬ್ಬಿಣದ ಸರಳು ಕಟ್ಟುತ್ತಿದ್ದರು.

"ಇಲ್ಲಿ ಮಧ್ಯಾಹ್ನ ಹೊರಗೆ ಕೆಲಸ ಮಾಡಿಸಬಾರದು ಅಂತ ಕಾನೂನು ಇದೆ ಅಂದಿದ್ದೆಯಲ್ಲ?" ಎಂದೆ.

"ಇದೆ. ಜೂನ್ 15ರಿಂದ ಆಗಸ್ಟ್ 31ರವರೆಗೆ, ಹನ್ನೊಂದೂವರೆಯಿಂದ ಮೂರು ಗಂಟೆ. ಸೆಪ್ಟೆಂಬರ್ ಒಂದಕ್ಕೆ ಬೇಸಗೆ ಮುಗಿಯಿತು" ಎಂದವನು ಯಂತ್ರವನ್ನು ನನ್ನ ಕಡೆ ತಿರುಗಿಸಿದ. ಕಾರಿನೊಳಗಿನ ಎಸಿಯಲ್ಲಿ ಅದು 24 ತೋರಿಸುತ್ತಿತ್ತು. ಕಿಟಕಿ ಇಳಿಸಿ ಹೊರಗೆ ಹಿಡಿದ. ಅಂಕಿಗಳು ಆಟೋದ ಮೀಟರಿನಂತೆ ಓಡತೊಡಗಿದವು. ನಲವತ್ತು ಮುಟ್ಟುವ ಮೊದಲೇ ಸಿಗ್ನಲ್ ಬಿಟ್ಟಿತು, ಕಿಟಕಿ ಮೇಲೇರಿತು.

ತಮ್ಮನ ಹೆಂಡತಿ ಕುಚ್ಚಲಕ್ಕಿ ಗಂಜಿ ಮಾಡಿಟ್ಟಿದ್ದಳು. ನಾನು ಒಯ್ದಿದ್ದ ಮಾವಿನ ಮಿಡಿ ಉಪ್ಪಿನಕಾಯಿ ಸೂಟ್‌ಕೇಸಿನಲ್ಲಿ ಸೋರಿ ಎರಡು ಚೂಡಿದಾರ ಹಾಳಾಗಿತ್ತು. "ಹೋಗಲಿ ಬಿಡಿ ಅತ್ತಿಗೆ, ಬಟ್ಟೆ ಇಲ್ಲೂ ಸಿಗುತ್ತದೆ, ಮಿಡಿ ಸಿಗುವುದಿಲ್ಲ" ಎಂದು ಬಟ್ಟೆಗೆ ಮೆತ್ತಿದ್ದ ಮಿಡಿಗಳನ್ನೂ ಬಿಡದೆ ಎತ್ತಿ ಜಾಡಿಗೆ ಹಾಕಿಕೊಂಡಳು.

ಸಂಜೆ ಮೆಟ್ರೋದಲ್ಲಿ ಕಾರ್ನಿಶ್‌ಗೆ ಹೋದೆವು. ಮೇ ತಿಂಗಳಲ್ಲಷ್ಟೇ ಶುರುವಾದ ಮೆಟ್ರೋ; ಎರಡು ರಿಯಾಲಿಗೆ ಒಂದು ಪ್ರಯಾಣ. ಕಾರ್ನಿಶ್ ಎಂದರೆ ಕೊಲ್ಲಿಯನ್ನು ಬಳಸಿಕೊಂಡು ಕುಡುಗೋಲಿನಂತೆ ಬಾಗಿದ, ಏಳು ಕಿಲೋಮೀಟರಿನಷ್ಟು ಉದ್ದದ ಕಡಲತಡಿಯ ರಸ್ತೆ. ಒಂದು ತುದಿಯಲ್ಲಿ ಗಾಜಿನ ಗೋಪುರಗಳು, ಇನ್ನೊಂದು ತುದಿಯಲ್ಲಿ ಇಸ್ಲಾಮಿಕ್ ಕಲೆಯ ವಸ್ತುಸಂಗ್ರಹಾಲಯ. ನಡುವೆ ಲಂಗರು ಹಾಕಿದ ಮರದ ಧೌ ಹಡಗುಗಳು, ಮಂಗಳೂರಿನ ಹಳೇ ಬಂದರಿನ ಮಂಜಿಗಳ ದಾಯಾದಿಗಳಂತೆ. ದಾಯಾದಿಗಳೇ ಇರಬಹುದು, ಕೊಲ್ಲಿಯವರು ಇವನ್ನು ಕಟ್ಟಲು ಮಲಬಾರಿನ ತೇಗವನ್ನು ಒಯ್ಯುತ್ತಿದ್ದರಂತೆ. ರಸ್ತೆಯ ಉದ್ದಕ್ಕೂ ಕ್ರೀಡಾಂಗಣಕ್ಕೆ ಹಾಕುವಂಥ ದೊಡ್ಡ ದೀಪಗಳನ್ನು ನಿಲ್ಲಿಸುತ್ತಿದ್ದರು. ಆ ಕೆಲಸಗಾರರೂ ನೀಲಿ ಮೇಲಂಗಿಯವರೇ.

ಶುಕ್ರವಾರ, 27 ಸೆಪ್ಟೆಂಬರ್

ಶುಕ್ರವಾರ ಇಲ್ಲಿ ವಾರದ ರಜೆ. ಬೆಳಿಗ್ಗೆ ಊರೇ ಮುಚ್ಚಿಕೊಂಡಿರುತ್ತದೆ, ಪ್ರಾರ್ಥನೆ ಮುಗಿದ ಮೇಲೇ ಅಂಗಡಿಗಳು ಕಣ್ಣು ಬಿಡುವುದು. ರಾತ್ರಿ ನಿದ್ದೆಗೆಡಬೇಕಾದವಳು ಮಧ್ಯಾಹ್ನ ಅಂಜಲ್ ಮೀನಿನ ಸಾರು ಉಂಡು ಎಸಿ ಹಾಕಿ ಮಲಗಿದೆ. ಅಂಜಲ್ ಇಲ್ಲಿ 'ಕನಾದ್'. ಹೆಸರು ಬೇರೆ, ರುಚಿ ನಮ್ಮದೇ.

ಮ್ಯಾರಥಾನ್ ಶುರುವಾಗುವುದು ರಾತ್ರಿ 11.59ಕ್ಕೆ. ಹನ್ನೆರಡಕ್ಕಲ್ಲ, ಒಂದು ನಿಮಿಷ ಮೊದಲು. ಹನ್ನೆರಡಾದರೆ ತಾರೀಖು ಬದಲಾಗಿ ಓಟ ಮರುದಿನದ ಲೆಕ್ಕಕ್ಕೆ ಹೋಗುತ್ತದಲ್ಲ! ಸೂರ್ಯೋದಯದಿಂದ ದಿನ ಎಣಿಸುವ ನಮ್ಮ ಪಂಚಾಂಗದವರಾದರೆ ಈ ಕಸರತ್ತಿನ ಅಗತ್ಯವೇ ಇರಲಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ನ ಮ್ಯಾರಥಾನ್ ನಡುರಾತ್ರಿ ನಡೆದದ್ದು ಇದೇ ಮೊದಲು. ಹಗಲಿನಲ್ಲಿ ಓಡಿಸುವಂತಿಲ್ಲ, ರಾತ್ರಿಯಾದರೆ ಸ್ವಲ್ಪ ತಂಪಾಗಬಹುದು ಎಂಬುದು ಲೆಕ್ಕಾಚಾರ. ತಂಪಾಗುವುದು ಉಷ್ಣಾಂಶ ಮಾತ್ರ, ಅದೂ ಅಷ್ಟಕ್ಕಷ್ಟೆ. ರಾತ್ರಿ ಏರುತ್ತಿದ್ದಂತೆ ಕಡಲಿನ ತೇವವೂ ಏರುತ್ತದೆ. ಕರಾವಳಿಯ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಿದ್ದಳು.

ಒಂಬತ್ತೂವರೆಗೆ ಹೊರಟೆವು. ದಾರಿಯಲ್ಲಿ ಕಾರು ನಿಲ್ಲಿಸಿ ತಮ್ಮ ಒಮ್ಮೆ ಹಾರ್ನ್ ಹೊಡೆದ. ಚಹಾದಂಗಡಿಯ ಹುಡುಗ ಓಡಿ ಬಂದು ಕಿಟಕಿಯಲ್ಲೇ ಕಾಗದದ ಲೋಟದ ಕರಕ್ ಚಹಾ ಕೊಟ್ಟು ಹೋದ. ಏಲಕ್ಕಿ, ಡಬ್ಬಿ ಹಾಲು, ಕುದಿಸಿ ಕುದಿಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಚಹಾ. ದೋಹಾಕ್ಕೆ ಹೋದವರು ದೊಡ್ಡ ಹೋಟೆಲಿನ ಕಾಫಿ ಬಿಟ್ಟು ಇದನ್ನೇ ಕುಡಿಯಬೇಕು, ಹಾರ್ನ್ ಹೊಡೆದೇ ತರಿಸಿಕೊಳ್ಳಬೇಕು. ಇಳಿದು ಹೋದರೆ ಆ ಹುಡುಗನಿಗೇ ಬೇಸರ.

ಕಾರ್ನಿಶ್‌ನ ರಸ್ತೆಗಳೆಲ್ಲ ಮುಚ್ಚಿದ್ದವು. ಎಲ್ಲೋ ಒಂದು ಗಲ್ಲಿಯಲ್ಲಿ ಕಾರು ಬಿಟ್ಟು ಎರಡು ಕಿಲೋಮೀಟರ್ ನಡೆದೆವು. ಆ ಗಲ್ಲಿ ಯಾವುದೆಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಇಬ್ಬರಿಗೂ ನೆನಪಿರಲಿಲ್ಲ ಎಂಬುದು ಮುಂದಿನ ಮಾತು. ನಡೆಯುವಾಗಲೇ ನನ್ನ ಕುರ್ತಾ ಬೆನ್ನಿಗೆ ಅಂಟಿತು. ಕಡಲಿದೆ, ಗಾಳಿಯಿಲ್ಲ. ನೀರು ಎಣ್ಣೆಯಂತೆ ಮಲಗಿತ್ತು. ನಮ್ಮೂರಿನಲ್ಲಿ ಎಂಥ ಸೆಖೆಯಲ್ಲೂ ಬೀಚಿಗೆ ಹೋದರೆ ಒಂದು ಬೀಸು ಗಾಳಿ ಸಿಗುತ್ತದೆ. ಇಲ್ಲಿ ಕಡಲೇ ಹಬೆಪಾತ್ರೆ. ತಮ್ಮ ಕಿಸೆಯಿಂದ ಯಂತ್ರ ತೆಗೆದ: 33 ಡಿಗ್ರಿ, ತೇವಾಂಶ ಶೇಕಡಾ 74. ಅಧಿಕೃತ ಅಂಕಿಗಳೂ ಇದಕ್ಕೆ ಹತ್ತಿರವೇ ಇದ್ದವೆಂದು ಮರುದಿನ ತಿಳಿಯಿತು.

ಮಕ್ಕಳಿಗೆ ನಾನು ಪಾಠ ಮಾಡುವುದುಂಟು. ಬೆವರುವುದರಿಂದ ಮೈ ತಣ್ಣಗಾಗುವುದಿಲ್ಲ, ಬೆವರು ಆರುವುದರಿಂದ ತಣ್ಣಗಾಗುತ್ತದೆ. ಗಾಳಿಯೇ ನೀರು ಕುಡಿದು ಹೊಟ್ಟೆ ತುಂಬಿಕೊಂಡಿದ್ದರೆ ನಿಮ್ಮ ಬೆವರನ್ನು ಎಲ್ಲಿ ಇಟ್ಟುಕೊಳ್ಳುತ್ತದೆ? ಅದು ಸುಮ್ಮನೆ ಸುರಿದು ನೆಲ ಸೇರುತ್ತದೆ, ದೇಹದ ಬಿಸಿ ಒಳಗೇ ಉಳಿಯುತ್ತದೆ. ಈ ಪಾಠವನ್ನು ನಾನು ಪುಸ್ತಕದಿಂದ ಕಲಿತದ್ದು. ಅಂದು ರಾತ್ರಿ ನೋಡಿದೆ.

ಏಳು ಕಿಲೋಮೀಟರಿನ ಸುತ್ತು, ಆರು ಸಲ. ನಾವು ನೀರಿನ ಮೇಜುಗಳಿಗೆ ಹತ್ತಿರ ಒಂದು ತಡೆಗಂಬಿಗೆ ಒರಗಿ ನಿಂತೆವು. ಜನಸಂದಣಿ ಎನ್ನುವಂಥದ್ದು ಇರಲಿಲ್ಲ. ಅಲ್ಲಲ್ಲಿ ಗುಂಪು, ನಡುವೆ ಖಾಲಿ. ಇದ್ದವರಲ್ಲಿ ಹೆಚ್ಚಿನವರು ನಮ್ಮಂತೆಯೇ ಪರದೇಶದವರು. ಇಥಿಯೋಪಿಯದ ಹತ್ತಾರು ಹೆಣ್ಣುಮಕ್ಕಳು ಹಸಿರು, ಹಳದಿ, ಕೆಂಪು ಬಾವುಟ ಹೊದ್ದು ಹಾಡುತ್ತಿದ್ದರು. ಮನೆಗೆಲಸದವರು, ವಾರದ ಒಂದು ರಜೆಯನ್ನು ಇದಕ್ಕೆಂದು ತೆಗೆದಿಟ್ಟವರು. ನಮ್ಮ ಪಕ್ಕಕ್ಕೆ ನಿಂತವನು ಕೀನ್ಯಾದ ಎಲ್ಡೊರೆಟ್ ಕಡೆಯ ಯುವಕ, ಎತ್ತರದ ಕಟ್ಟಡವೊಂದರಲ್ಲಿ ಸೆಕ್ಯುರಿಟಿ ಗಾರ್ಡ್. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದ. "ನಮ್ಮೂರಲ್ಲಿ ಈ ಹೊತ್ತಿಗೆ ಸ್ವೆಟರ್ ಬೇಕು" ಎಂದು ಕಾಲರ್ ಎಳೆದು ಗಾಳಿ ಹಾಕಿಕೊಂಡ. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲಿನ ಊರಿನವನು.

ನಾನು ದೈಹಿಕ ಶಿಕ್ಷಕಿ ಎಂದು ತಿಳಿದ ಮೇಲೆ ಅವನು ನನಗೇ ಪಾಠ ಶುರು ಮಾಡಿದ. "ಮುಂದೆ ಯಾರಿದ್ದಾರೆ ಅಂತ ನೋಡಬೇಡಿ ಮೇಡಂ. ನೀರಿನ ಮೇಜಿನ ಹತ್ತಿರ ಯಾರು ಅವಸರ ಮಾಡುವುದಿಲ್ಲ ಅಂತ ನೋಡಿ. ಈ ರಾತ್ರಿ ಓಟ ಇರುವುದು ಅಲ್ಲೇ."

68 ಮಂದಿ ಹೊರಟರು. ಮೊದಲ ಸಲ ನಮ್ಮ ಮುಂದೆ ಹಾದುಹೋದಾಗ ಬಣ್ಣದ ಮಳೆ ಬಂದು ಹೋದಂತಿತ್ತು. ಹೆಜ್ಜೆಗಳ ಸದ್ದು ಕೇಳಿಸುವುದೇ ಇಲ್ಲ, ಉಸಿರಿನ ಸದ್ದು ಮಾತ್ರ. ಟೋಪಿಯೊಳಗೆ ಮಂಜುಗಡ್ಡೆ ತುರುಕಿಕೊಂಡವರು, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿದವರು. ಮೇಜಿನಿಂದ ಸ್ಪಂಜು ಎತ್ತಿ ತಲೆಯ ಮೇಲೆ ಹಿಂಡಿ ಎಸೆಯುತ್ತಾರೆ. ಎರಡನೇ ಸುತ್ತಿಗೆ ರಸ್ತೆ ಮಳೆ ಬಂದು ನಿಂತ ಹಾಗೆ ಹೊಳೆಯುತ್ತಿತ್ತು. ದೀಪಗಳು ಎಷ್ಟು ಪ್ರಖರವೆಂದರೆ ಓಡುವವರಿಗೆ ನೆರಳೇ ಇರಲಿಲ್ಲ.

ಒಂದು ಸುತ್ತಿಗೆ ಇಪ್ಪತ್ತೈದು ನಿಮಿಷ. ನಡುವಿನ ಹೊತ್ತಿನಲ್ಲಿ ನಾವು ಫ್ಲಾಸ್ಕಿನಿಂದ ಉಪ್ಪು ಹಾಕಿದ ಪುನರ್ಪುಳಿ ಪಾನಕ ಕುಡಿದೆವು. ಗಾರ್ಡಿಗೂ ಕೊಟ್ಟೆ. ಹುಳಿಗೆ ಒಂದು ಕಣ್ಣು ಮುಚ್ಚಿ, ಮತ್ತೊಂದು ಲೋಟ ಕೇಳಿದ. ಇಂಥ ರಾತ್ರಿಗಳಿಗೆ ಬರಿಯ ನೀರು ಸಾಲದು, ಉಪ್ಪು ಹೊಟ್ಟೆಗೆ ಹೋಗಬೇಕು.

ಮೂರನೆಯ ಸುತ್ತಿನ ಹೊತ್ತಿಗೆ ಎಣಿಕೆ ತಪ್ಪತೊಡಗಿತು. ಬರಬೇಕಾದವರು ಬರುತ್ತಿಲ್ಲ. ಬದಲಿಗೆ ಗಾಲ್ಫ್ ಗಾಡಿಯಂಥ ಸಣ್ಣ ವಾಹನಗಳು ಬರುತ್ತಿವೆ, ಅವುಗಳಲ್ಲಿ ಟವೆಲ್ ಹೊದ್ದು ಕುಳಿತವರು, ಮಲಗಿದವರು. ಗಾಲಿಕುರ್ಚಿಗಳೂ ಓಡಾಡಿದವು. ನಮ್ಮಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಬ್ಬಳು ಓಟ ನಿಲ್ಲಿಸಿದಳು. ಬೀಳಲಿಲ್ಲ. ನಿಧಾನಕ್ಕೆ ನಡೆದು, ರಸ್ತೆಯಂಚಿನ ಕಟ್ಟೆಯ ಮೇಲೆ ಕುಳಿತು, ಶೂವಿನ ಲೇಸನ್ನು ಬಿಚ್ಚತೊಡಗಿದಳು. ಕೈ ನಡುಗುತ್ತಿದ್ದುದರಿಂದ ಗಂಟು ಬಿಚ್ಚಲಾಗುತ್ತಿರಲಿಲ್ಲ. ಸ್ವಯಂಸೇವಕಿಯೊಬ್ಬಳು ಮಂಡಿಯೂರಿ ಬಿಚ್ಚಿಕೊಟ್ಟಳು. ಅವಳ ದೇಶ ಯಾವುದೆಂದು ನೋಡುವಷ್ಟರಲ್ಲಿ ಟವೆಲ್ ಹೊದಿಸಿಬಿಟ್ಟರು.

ಆ ಲೇಸನ್ನು ನೋಡಿ ನನಗೆ ನೆನಪಾದದ್ದನ್ನು ಇಲ್ಲಿಯವರೆಗೆ ಬರೆದವಳಲ್ಲ. ಹನ್ನೆರಡು ವರ್ಷಗಳ ಹಿಂದೆ ನಾನು ಉಸ್ತುವಾರಿ ನೋಡುತ್ತಿದ್ದ ಒಂದು ಕ್ರೀಡಾಕೂಟದಲ್ಲಿ ಹುಡುಗಿಯರ 3000 ಮೀಟರ್ ಬೆಳಿಗ್ಗೆ ಎಂಟಕ್ಕಿತ್ತು. ಉದ್ಘಾಟನೆಗೆ ಬರಬೇಕಾದ ಅತಿಥಿಗಳು ತಡವಾಗಿ ಬಂದರು, ದೀಪ ಬೆಳಗಿಸಿದರು, ಭಾಷಣ ಮಾಡಿದರು. ಓಟ ಶುರುವಾದದ್ದು ಹನ್ನೆರಡೂಮುಕ್ಕಾಲಿಗೆ. ನಾನೇ ವಿಸಿಲ್ ಊದಿದ್ದು. ಆರನೇ ಸುತ್ತಿನಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಬಿದ್ದಳು. ಗ್ಲೂಕೋಸ್ ಹಾಕಿಸಿ ಸಂಜೆ ಮನೆಗೆ ಕಳಿಸಿದೆವು, ಏನೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಅವಳು ನನ್ನ ಕೈ ಹಿಡಿದು ಹೇಳಿದ್ದು "ಸಾರಿ ಟೀಚರ್" ಎಂದು.

ಇಥಿಯೋಪಿಯದ ಹಾಡು ನಿಂತಿತ್ತು. ಅವರ ಮೂವರೂ, ರೂಟಿ ಆಗಾ, ರೋಜಾ ದೆರೆಜೆ, ಶುರೆ ದೆಮಿಸೆ, ಓಟ ಬಿಟ್ಟಿದ್ದರು. ಮೂವರೂ ಎರಡು ಗಂಟೆ ಇಪ್ಪತ್ತೆರಡು ನಿಮಿಷದೊಳಗೆ ಮ್ಯಾರಥಾನ್ ಮುಗಿಸಬಲ್ಲವರು. ಬಾವುಟ ಹೊದ್ದ ಹೆಣ್ಣುಮಕ್ಕಳು ಸ್ವಲ್ಪ ಹೊತ್ತು ಫೋನ್ ನೋಡುತ್ತ ಸುಮ್ಮನಿದ್ದರು. ಮನೆಗೆ ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಒಬ್ಬಳು ಎದ್ದು ತಡೆಗಂಬಿಯ ಹತ್ತಿರ ಬಂದು, ಒಬ್ಬೊಂಟಿಯಾಗಿ ಬರುತ್ತಿದ್ದ ಯಾರೋ ಬಿಳಿ ಹೆಂಗಸಿಗೆ ಚಪ್ಪಾಳೆ ಹೊಡೆದಳು. ಆಮೇಲೆ ಎಲ್ಲರೂ ಎದ್ದರು. ಕೊನೆಯವರೆಗೂ ಬಂದವರಿಗೆಲ್ಲ, ದೇಶ ನೋಡದೆ, ಹಾಡು ಶುರುವಾಯಿತು.

ಗಾರ್ಡ್ ಹೇಳಿದ್ದು ನಿಜವಾಗುತ್ತ ಬಂತು. ಮುಂದಿನ ಗುಂಪಿನಲ್ಲಿ ಉಳಿದ ನಾಲ್ಕೈದು ಮಂದಿ ಮೇಜಿನ ಹತ್ತಿರ ಹೆಜ್ಜೆ ಸಣ್ಣದು ಮಾಡಿ, ಬಾಟಲಿಯನ್ನು ಸರಿಯಾಗಿ ಹಿಡಿದು, ಮೊದಲು ಕುಡಿದು ಆಮೇಲೆ ತಲೆಗೆ ಸುರಿದುಕೊಳ್ಳುತ್ತಿದ್ದರು. ಅವರಲ್ಲಿ ಇಬ್ಬರಿಗೆ 39 ವರ್ಷ: ಎರಡು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಕೀನ್ಯಾದ ಎಡ್ನಾ ಕಿಪ್ಲಗಾಟ್, ನಮೀಬಿಯಾದ ಹೆಲಾಲಿಯಾ ಯೊಹಾನೆಸ್. ಬಹರೈನ್ ಪರವಾಗಿ ಓಡುತ್ತಿದ್ದ ರೋಸ್ ಚೆಲಿಮೊ 2017ರ ಲಂಡನ್ ಚಾಂಪಿಯನ್. 2017ರಲ್ಲಿ ಕತಾರ್ ಜೊತೆ ಗಡಿ, ವಿಮಾನ ಎಲ್ಲವನ್ನೂ ಕಡಿದುಕೊಂಡಿದ್ದ ನಾಲ್ಕು ದೇಶಗಳಲ್ಲಿ ಬಹರೈನ್ ಒಂದಾಗಿತ್ತು. ಆ ಬಾವುಟದ ಅಂಗಿ ದೋಹಾದ ರಸ್ತೆಯಲ್ಲಿ ಹೀಗೆ ನಡುರಾತ್ರಿ ಓಡುತ್ತಿದ್ದುದು ತಮ್ಮನಿಗೆ ಭಾರೀ ಮೋಜೆನಿಸಿತು.

ಕೊನೆಯ ಸುತ್ತು ಹತ್ತಿರವಾದಾಗ ಕೀನ್ಯಾದ ರೂತ್ ಚೆಪ್‌ನ್‌ಗೆಟಿಚ್ ಒಂಟಿಯಾಗಿ ಬಂದಳು. 25ರ ಹುಡುಗಿ. ಗಾರ್ಡ್ ತಡೆಗಂಬಿಯ ಮೇಲೆ ಅರ್ಧ ಹತ್ತಿ ಅವಳ ಭಾಷೆಯಲ್ಲಿ ಏನನ್ನೋ ಕೂಗಿದ. ಅವಳು ತಿರುಗಲಿಲ್ಲ, ಬೆರಳೊಂದನ್ನು ಸ್ವಲ್ಪ ಎತ್ತಿದಂತಾಯಿತು. "ಕೇಳಿಸಿತು ಅವಳಿಗೆ, ನೋಡಿದಿರಾ, ಕೇಳಿಸಿತು" ಎಂದು ನನ್ನ ತಮ್ಮನ ಬೆನ್ನಿಗೆ ಗುದ್ದಿದ.

ಎರಡೂವರೆ ಕಳೆದಿತ್ತು ಅವಳು ಮುಗಿಸಿದಾಗ. 2 ಗಂಟೆ 32 ನಿಮಿಷ 43 ಸೆಕೆಂಡ್. ಈ ಚಾಂಪಿಯನ್‌ಷಿಪ್‌ನ ಮೊದಲ ಚಿನ್ನ. ವಿಶ್ವ ಚಾಂಪಿಯನ್‌ಷಿಪ್‌ಗಳ ಮಹಿಳಾ ಮ್ಯಾರಥಾನ್ ಗೆಲುವುಗಳಲ್ಲೇ ಅತಿ ನಿಧಾನದ್ದು. ಇದೇ ಚೆಪ್‌ನ್‌ಗೆಟಿಚ್ ಜನವರಿಯಲ್ಲಿ ದುಬೈಯಲ್ಲಿ ಇದನ್ನು 2 ಗಂಟೆ 17 ನಿಮಿಷದಲ್ಲಿ ಓಡಿದ್ದಳು. ಹದಿನೈದು ನಿಮಿಷ ಸೆಖೆಗೆ ಕೊಟ್ಟಿದ್ದಳು. ಒಂದು ನಿಮಿಷ ಮೂರು ಸೆಕೆಂಡಿನ ಹಿಂದೆ ಚೆಲಿಮೊ, ಆಮೇಲೆ 2:34:15ಕ್ಕೆ ಯೊಹಾನೆಸ್.

ಆ ಕಂಚಿನ ಸಮಯ ಕೇಳಿದ ಕೂಡಲೇ ನನಗೆ ಓ.ಪಿ. ಜೈಶಾ ನೆನಪಾದರು. 2015ರ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಓಡಿದ್ದು 2:34:43, ಭಾರತದ ರಾಷ್ಟ್ರೀಯ ದಾಖಲೆ. ಅಲ್ಲಿ ಅದಕ್ಕೆ ಹದಿನೆಂಟನೆಯ ಸ್ಥಾನ. ಇಲ್ಲಾಗಿದ್ದರೆ ಕಂಚಿಗೆ 28 ಸೆಕೆಂಡ್ ಕಮ್ಮಿ. ಇಂಥ ಲೆಕ್ಕ ಹಾಕಬಾರದು ಎಂದು ಮಕ್ಕಳಿಗೆ ನಾನೇ ಹೇಳುತ್ತೇನೆ, ಹಾಕಿದೆ. ಈ ಓಟದಲ್ಲಿ ನಮ್ಮವರು ಯಾರೂ ಇರಲಿಲ್ಲ.

ಆರನೆಯವರಾಗಿ ಬಂದ ಅಮೆರಿಕದ ರೊಬರ್ಟಾ ಗ್ರೋನರ್‌ಗೆ 41 ವರ್ಷ. ನರ್ಸ್, ಮೂರು ಮಕ್ಕಳ ತಾಯಿ. ಅವರ ನಂತರವೂ ತುಂಬ ಹೊತ್ತು ಒಬ್ಬೊಬ್ಬರಾಗಿ ಬರುತ್ತಲೇ ಇದ್ದರು. ಒಟ್ಟು 40. ಉಳಿದ 28 ಮಂದಿ ಟವೆಲ್ ಹೊದ್ದು ಹೋದವರು.

ನಾಲ್ಕು ಗಂಟೆಗೆ ಕಾರು ಹುಡುಕಲು ಶುರು ಮಾಡಿ ನಾಲ್ಕೂಮುಕ್ಕಾಲಿಗೆ ಸಿಕ್ಕಿತು. ಗಾಜಿನ ಮೇಲೆಲ್ಲ ಇಬ್ಬನಿಯಂತೆ ನೀರು ಹರಿದಿತ್ತು. ತಮ್ಮನಿಗೆ ಐದೂವರೆಗೆ ಸೈಟಿನಲ್ಲಿರಬೇಕಿತ್ತು. ಶನಿವಾರ ಅವನ ಕಂಪನಿಗೆ ರಜೆಯಿಲ್ಲ.

ಶನಿವಾರ, 28 ಸೆಪ್ಟೆಂಬರ್

ಹಗಲೆಲ್ಲ ನಿದ್ದೆ. ಸಂಜೆ ಖಲೀಫಾ ಕ್ರೀಡಾಂಗಣಕ್ಕೆ ಹೋಗುವಾಗ ತಮ್ಮನ ಹೆಂಡತಿ ಕೈಗೊಂದು ಶಾಲು ತುರುಕಿದಳು. "ಮೂವತ್ತೈದು ಡಿಗ್ರಿಯಲ್ಲಿ ಶಾಲು ಯಾಕೆ?" ಎಂದೆ. "ಒಳಗೆ ಹೋಗಿ ನೋಡಿ" ಎಂದಳು. ಛಾವಣಿ ತೆರೆದಿರುವ ಇಡೀ ಕ್ರೀಡಾಂಗಣಕ್ಕೆ ಎಸಿ! ಸೀಟಿನ ಕೆಳಗಿನಿಂದ, ಟ್ರ್ಯಾಕಿನ ಅಂಚಿನಿಂದ ತಣ್ಣನೆ ಗಾಳಿ. ಅರ್ಧ ಗಂಟೆಯಲ್ಲಿ ಶಾಲು ಹೊದ್ದು ಸೀನುತ್ತಿದ್ದೆ.

ಮೇಲಿನ ಸೀಟುಗಳೆಲ್ಲ ಖಾಲಿ. ಆದರೆ ನಮ್ಮ ಭಾಗ ಮಾತ್ರ ಕೇರಳದ ತ್ರಿಶೂರ್ ಪೂರಂ ಜಾತ್ರೆಯಾಗಿತ್ತು. ಗಂಡಸರು, ಹೆಂಗಸರು ಸೇರಿ ಓಡುವ 4x400 ಮಿಶ್ರ ರಿಲೇ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಸಲ. ಭಾರತದ ನಾಲ್ವರೂ, ಅನಸ್, ವಿಸ್ಮಯಾ, ಜಿಸ್ನಾ, ನೋವಾ ನಿರ್ಮಲ್ ಟಾಮ್, ಕೇರಳದವರು. ದೋಹಾದಲ್ಲಿರುವ ಮಲಯಾಳಿಗಳು ಬಿಡುತ್ತಾರೆಯೇ? 3:16.14ಕ್ಕೆ ಮೂರನೆಯವರಾಗಿ ಫೈನಲ್ ಸೇರಿದರು, ಟೋಕಿಯೊ ಒಲಿಂಪಿಕ್ಸ್‌ಗೂ ಅರ್ಹರಾದರು. ಹಿಂದಿನ ಸಾಲಿನ ಅಜ್ಜರೊಬ್ಬರು ನನ್ನ ಕೈಗೆ ಬಾಳೆಕಾಯಿ ಚಿಪ್ಸ್ ತುಂಬಿಸಿದರು. ಮಹಿಳಾ ರಿಲೇ ತಂಡದಲ್ಲಿದ್ದ ನಮ್ಮ ಪೂವಮ್ಮನನ್ನು ನೋಡಲು ಇನ್ನೊಂದು ವಾರ ಕಾಯಬೇಕಿತ್ತು. ನನ್ನ ರಜೆ ಅಷ್ಟಿರಲಿಲ್ಲ. ಕೋಲ್ಮನ್ 9.76ಕ್ಕೆ ನೂರು ಮೀಟರ್ ಗೆದ್ದಾಗ ನಾನು ಕನ್ನಡಕ ಒರೆಸುತ್ತಿದ್ದೆ, ನೋಡಲಾಗಲಿಲ್ಲ.

ಹೊರಗೆ ಬಂದಾಗ ಹನ್ನೊಂದು ದಾಟಿತ್ತು. ಅದೇ ಕಾರ್ನಿಶ್‌ನಲ್ಲಿ 50 ಕಿಲೋಮೀಟರ್ ನಡಿಗೆ ಸ್ಪರ್ಧೆ ಶುರುವಾಗುವ ಹೊತ್ತು. "ಹೋಗೋಣವೇ?" ಎಂದ ತಮ್ಮ. ಹೋಗಲು ಮನಸ್ಸಾಗಲಿಲ್ಲ.

ಭಾನುವಾರ, 29 ಸೆಪ್ಟೆಂಬರ್

ಸೂಕ್ ವಾಕಿಫ್ ಎಂಬ ಹಳೇ ಪೇಟೆಯಲ್ಲಿ ಗಿಡುಗಗಳ ಅಂಗಡಿ ನೋಡಿದೆ. ಕಣ್ಣಿಗೆ ಚರ್ಮದ ಟೋಪಿ ಹಾಕಿಸಿಕೊಂಡು ಎಸಿಯಲ್ಲಿ ಸಾಲಾಗಿ ಕುಳಿತ ಗಿಡುಗಗಳು. ಪಕ್ಕದಲ್ಲೇ ಅವುಗಳದೇ ಆಸ್ಪತ್ರೆ. ಕಾಯಿಲೆ ಬಿದ್ದರೆ ಇಲ್ಲಿ ಗಿಡುಗವಾಗಿ ಬೀಳಬೇಕು.

ಅತ್ತರಿನ ಅಂಗಡಿಯೊಂದರಲ್ಲಿ ಚೌಕಾಸಿ ಮಾಡುತ್ತ ತಮ್ಮನಿಗೆ ಕನ್ನಡದಲ್ಲಿ "ಇವನು ದುಬಾರಿ ಹೇಳುತ್ತಿದ್ದಾನೆ" ಎಂದೆ. "ದುಬಾರಿ ಅಲ್ಲ ಅಕ್ಕ, ನಿಮಗಾದರೆ ಕಮ್ಮಿ ಮಾಡುತ್ತೇನೆ" ಎಂದು ಗಲ್ಲೆಯ ಹಿಂದಿನಿಂದ ಉತ್ತರ ಬಂತು. ಭಟ್ಕಳದವರು, ಇಪ್ಪತ್ತೆರಡು ವರ್ಷದಿಂದ ಇಲ್ಲೇ. ಕುರ್ಚಿ ಹಾಕಿಸಿ ಚಹಾ ತರಿಸಿದರು. ಶುಕ್ರವಾರ ರಾತ್ರಿ ಅವರೂ ಹೋಗಿದ್ದರಂತೆ, ಮಕ್ಕಳನ್ನು ಕರೆದುಕೊಂಡು. "ಓಡುವವರಿಗೆ ಪಾಪ, ನಡುರಾತ್ರಿಯಾದರೂ ಕೊಟ್ಟರು. ನಮ್ಮ ಗೋದಾಮಿನ ಹುಡುಗರು ಇವತ್ತು ಹನ್ನೆರಡು ಗಂಟೆಗೆ ಲಾರಿ ಇಳಿಸಿದ್ದಾರೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು ನಕ್ಕು, "ನಾನೇ ಹೇಳಿ ಇಳಿಸಿದ್ದು" ಎಂದು ಸೇರಿಸಿದರು. ಅತ್ತರಿಗೆ ಹತ್ತು ರಿಯಾಲ್ ಕಡಿಮೆ ಮಾಡಿದರು.

ಮಧ್ಯಾಹ್ನ ಮೆಟ್ರೋದಲ್ಲಿ ಕೊನೆಯ ನಿಲ್ದಾಣ ಅಲ್ ವಕ್ರಾಕ್ಕೆ ಹೋಗಿ ಅಲ್ಲಿಂದ ಟ್ಯಾಕ್ಸಿಯಲ್ಲಿ ಹಳೇ ಪೇಟೆಯ ಕಡಲಿಗೆ ಹೋದೆ. ಮಧ್ಯಾಹ್ನ ಹೋಗಬಾರದಿತ್ತು. ಮಣ್ಣಿನ ಬಣ್ಣದ ಸಾಲು ಅಂಗಡಿಗಳೆಲ್ಲ ಮುಚ್ಚಿದ್ದವು, ಮರಳಿನಲ್ಲಿ ಚಪ್ಪಲಿಯ ಅಂಟು ಬಿಟ್ಟು ಅಟ್ಟೆ ಕೈಗೆ ಬಂತು. ಒಂದು ನೆರಳಿನಲ್ಲಿ ಊಟದ ಡಬ್ಬಿ ಬಿಚ್ಚಿದ್ದ ನೇಪಾಳದ ಇಬ್ಬರು ಕೆಲಸಗಾರರು ಸರಿದು ಜಾಗ ಕೊಟ್ಟರು. ಒಬ್ಬ ಕಟ್ಟುತಂತಿಯ ತುಂಡಿನಿಂದ ಚಪ್ಪಲಿ ಬಿಗಿದು ಕೊಟ್ಟ. ಮ್ಯಾರಥಾನ್ ನೋಡಲು ಬಂದವಳೆಂದೆ. "ನಡುರಾತ್ರಿ ಓಡಿಸಿದರಂತಲ್ಲ, ಯಾಕೆ?" ಎಂದು ಕೇಳಿದ. "ಸೆಖೆ ಅಂತ" ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಜೋರಾಗಿ ನಕ್ಕರು. ನನಗೂ ನಗು ಬಂತು, ಆದರೆ ಅವರಷ್ಟು ಹೊತ್ತು ನಗಲಾಗಲಿಲ್ಲ.

ಸೋಮವಾರ, 30 ಸೆಪ್ಟೆಂಬರ್, ಆಮೇಲೆ

ವಿಮಾನ ನಿಲ್ದಾಣದಲ್ಲಿ ತಮ್ಮ ಆ ಸಣ್ಣ ಯಂತ್ರವನ್ನು ನನ್ನ ಚೀಲಕ್ಕೆ ಹಾಕಿದ. "ಹಳೆಯದು, ಕಂಪನಿ ಹೊಸತು ಕೊಟ್ಟಿದೆ" ಎಂದ. ಹೊಸತು ಕೊಟ್ಟದ್ದು ಸುಳ್ಳೆಂದು ಅವನ ಹೆಂಡತಿಯ ಮುಖ ಹೇಳುತ್ತಿತ್ತು.

ಇದನ್ನು ಬರೆಯುತ್ತಿರುವ ಹೊತ್ತಿಗೆ, 2020ಕ್ಕೆ ನಿಗದಿಯಾಗಿರುವ ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನನ್ನು ಎಂಟುನೂರು ಕಿಲೋಮೀಟರ್ ಉತ್ತರದ ಸಪ್ಪೊರೊಗೆ ಒಯ್ಯುವುದಾಗಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹೇಳಿದೆ. ಕಾರಣ ಸೆಖೆ. ಟೋಕಿಯೊದವರು ಸಿಟ್ಟಾಗಿದ್ದಾರಂತೆ.

ನಮ್ಮ ಕ್ರೀಡಾಕೂಟದ ವೇಳಾಪಟ್ಟಿಯ ಕರಡು ಮೊನ್ನೆ ಬಂತು. ಹುಡುಗಿಯರ 3000 ಮೀಟರ್ ಮಧ್ಯಾಹ್ನ ಎರಡೂವರೆಗೆ, ಊಟದ ನಂತರ, ಬಹುಮಾನ ವಿತರಣೆಗೆ ಮೊದಲು. ಅತಿಥಿಗಳು ಒಂದು ಓಟವನ್ನಾದರೂ ನೋಡಲಿ ಎಂದು. ನಾನು ಅದೇ ಎರಡೂವರೆಗೆ ಮೈದಾನದ ನಡುವೆ ಹೋಗಿ ನಿಂತು ಯಂತ್ರ ತೆಗೆದೆ. 33 ಡಿಗ್ರಿ, ತೇವಾಂಶ ಶೇಕಡಾ 71. ಕೆಂಪು ಶಾಯಿಯಲ್ಲಿ ಎರಡನ್ನೂ ಕರಡಿನ ಅಂಚಿನಲ್ಲಿ ಬರೆದು, ಸಮಯವನ್ನು ಬೆಳಿಗ್ಗೆ ಆರೂವರೆ ಎಂದು ತಿದ್ದಿ ವಾಪಸು ಕಳಿಸಿದ್ದೇನೆ. ಉತ್ತರ ಬಂದಿಲ್ಲ.

ಅಷ್ಟರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರು ಸುತ್ತುವರಿದಿದ್ದರು. "ಇದೇನು ಟೀಚರ್? ನಮಗೆ ಕೊಡಿ ಟೀಚರ್" ಎಂದು ಕಿತ್ತುಕೊಂಡು ಬಿಸಿಲಿಗೆ ಹಿಡಿದರು, ಗೇರುಮರದ ನೆರಳಿಗೆ ಒಯ್ದರು, ಬೋರ್‌ವೆಲ್ಲಿನ ಬಾಯಿಗೆ ಇಳಿಸಿದರು, ಒಬ್ಬಳ ಕಂಕುಳಲ್ಲಿ ಇಟ್ಟು ಅಂಕಿ ಏರುವುದನ್ನು ನೋಡಿ ಕಿರುಚಿದರು. ಗಂಟೆ ಬಾರಿಸಿದ ಮೇಲೂ ಯಾರೂ ತರಗತಿಗೆ ಹೋಗಲಿಲ್ಲ.